ಮನೆಯಲ್ಲಿ ಬಂದೂಕು ಮಾಡುವ ವಿದ್ಯೆ ಹಂಚುವುದು ಹೋರಾಟವೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜುಗಳಲ್ಲಿ ಸಂವಿಧಾನದ ಬಗ್ಗೆ ಮಾತಾಡಲು ಹೋದಾಗೆಲ್ಲ, ಕೊನೆಗೆ ಯಾರಾದರೂ ಒಬ್ಬ ಹುಡುಗ ಎದ್ದು ನಿಂತು ತ್ರೀಡಿ ಪ್ರಿಂಟರ್ ಬಂದೂಕಿನ, ಅಂದರೆ ಕಂಪ್ಯೂಟರ್ ನಕ್ಷೆಯಿಂದ ವಸ್ತುವನ್ನೇ ಅಚ್ಚು ಹಾಕುವ ಯಂತ್ರದಲ್ಲಿ ಮಾಡುವ ಬಂದೂಕಿನ, ವಿಷಯ ತೆಗೆಯುತ್ತಾನೆ. ಆಮೇಲೆ ಪತ್ರಗಳು ಬರುತ್ತವೆ, ರೈತರು ಕೇಳುತ್ತಾರೆ, ಲೇತ್ ಅಂಗಡಿಯವರೂ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೇಗೆ ಮಾಡುವುದು ಎಂದು ಕೇಳಿದವರೂ ಇದ್ದಾರೆ. ಅದಕ್ಕೆ ಇಲ್ಲಿ ಉತ್ತರವಿಲ್ಲ, ಯಾಕೆ ಇಲ್ಲ ಅನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

## ಮೊದಲು, ವಿಷಯ ಏನು ಅಂತ ತಿಳಿಯಲು ಕೇಳಿದವು

ಸರ್, ಬಂದೂಕು ಮಾಡೋದನ್ನ ಹೇಳಿಕೊಡೋದು ರಾಜಕೀಯ ಹೋರಾಟ ಹೇಗಾಗುತ್ತೆ?

ಅದನ್ನು ಹೋರಾಟ ಅನ್ನುವವರ ವಾದ ಹೀಗಿದೆ. ಸರ್ಕಾರದ ಕೈಯಲ್ಲಿ ಮಾತ್ರ ಆಯುಧ ಇದ್ದರೆ ಜನ ಯಾವತ್ತೂ ಅದರ ದಯೆಯಲ್ಲೇ ಬದುಕಬೇಕು. ಬಂದೂಕು ಕಾರ್ಖಾನೆಯಿಂದ ಬಂದರೆ ಸರ್ಕಾರ ಕಾರ್ಖಾನೆಗೆ ಬೀಗ ಹಾಕಬಹುದು, ಅಂಗಡಿಯಿಂದ ಬಂದರೆ ಅಂಗಡಿ ಮುಚ್ಚಿಸಬಹುದು. ಆದರೆ ಮಾಡುವ ವಿದ್ಯೆಯೇ ಎಲ್ಲರ ಮನೆ ಸೇರಿಬಿಟ್ಟರೆ ಯಾವ ಕಾನೂನೂ ಅದನ್ನು ತಡೆಯಲಾರದು. ಅವರಿಗೆ ಬಂದೂಕಿಗಿಂತ ಈ ಕೊನೆಯ ಮಾತೇ ಮುಖ್ಯ. ಬಂದೂಕು ಕಾನೂನನ್ನು ಚರ್ಚೆಯಲ್ಲಿ ಸೋಲಿಸುವುದಕ್ಕಿಂತ ಅದನ್ನು ಕೆಲಸಕ್ಕೆ ಬಾರದಂತೆ ಮಾಡುವುದೇ ಅವರ ಗುರಿ.

ನನ್ನ ತಕರಾರು ಇರುವುದೂ ಅಲ್ಲೇ. ಸೋಲಿಸಬೇಕಾದರೆ ಎದುರಿಗಿರುವವರನ್ನು ಒಪ್ಪಿಸಬೇಕು. ಕೆಲಸಕ್ಕೆ ಬಾರದಂತೆ ಮಾಡಲು ಯಾರ ಒಪ್ಪಿಗೆಯೂ ಬೇಕಿಲ್ಲ.

ಇದೆಲ್ಲ ಶುರುವಾಗಿದ್ದು ಎಲ್ಲಿಂದ? ಯಾರೋ ಕಾನೂನು ವಿದ್ಯಾರ್ಥಿ ಅಂತ ಕೇಳಿದ್ದೆ.

ಹೌದು. ಕೋಡಿ ವಿಲ್ಸನ್, ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದವನು. ಡಿಫೆನ್ಸ್ ಡಿಸ್ಟ್ರಿಬ್ಯೂಟೆಡ್ ಎಂಬ ಅವನ ಗುಂಪು 2013ರ ಮೇ ತಿಂಗಳಲ್ಲಿ ಬಹುಪಾಲು ಪ್ಲಾಸ್ಟಿಕ್‌ನಲ್ಲೇ ಅಚ್ಚಾಗುವ ಒಂದು ಪಿಸ್ತೂಲಿನ ಫೈಲ್‌ಗಳನ್ನು, ಅಂದರೆ ಪ್ರಿಂಟರಿಗೆ ಕೊಡುವ ಡಿಜಿಟಲ್ ನಕ್ಷೆಗಳನ್ನು, ಎಲ್ಲರಿಗೂ ಬಿಟ್ಟಿತು. ಎರಡೇ ದಿನದಲ್ಲಿ 1 ಲಕ್ಷಕ್ಕೂ ಜಾಸ್ತಿ ಸಲ ಡೌನ್‌ಲೋಡ್ ಆಯಿತು. ಆಯುಧ ರಫ್ತಿನ ನಿಯಮ ಮುಂದಿಟ್ಟು ಅಮೆರಿಕದ ವಿದೇಶಾಂಗ ಇಲಾಖೆ ಅದನ್ನು ತೆಗೆಸಿತು. ಅಷ್ಟರಲ್ಲಿ ಫೈಲ್‌ಗಳು ಊರೂರು ಸೇರಿಯಾಗಿತ್ತು. 2015ರಲ್ಲಿ ಅವನ ಗುಂಪು ಕೋರ್ಟಿಗೆ ಹೋಯಿತು, 2018ರಲ್ಲಿ ಸರ್ಕಾರ ರಾಜಿ ಮಾಡಿಕೊಂಡಿತು. ಇನ್ನೇನು ಫೈಲ್‌ಗಳು ಮತ್ತೆ ಹೊರಬರಬೇಕು ಅನ್ನುವಾಗ, ಹಿಂದಿನ ದಿನ, ಜುಲೈ 31ರಂದು ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು.

ಅವನೇ ಮೊದಲಿಗನೇನಲ್ಲ. ಅವನಿಗಿಂತ ಮುಂಚೆ ಇಂಗ್ಲೆಂಡಿನ ಫಿಲಿಪ್ ಲೂಟಿ ಎಂಬಾತ ಇದೇ ವಾದ ಹಿಡಿದು, ಬಂದೂಕು ತಯಾರಿಸಿ, ಬರೆದು, ಜೈಲಿಗೂ ಹೋಗಿದ್ದ. ಅವನು 2011ರಲ್ಲಿ ತೀರಿಕೊಂಡ. ಅವನ ಹೆಸರು ಇನ್ನೊಂದು ಕಡೆ ಬರುತ್ತದೆ, ಮುಂದೆ ನೋಡಿ.

ಅಮೆರಿಕದಲ್ಲಿ ಮನೆಯಲ್ಲಿ ಮಾಡ್ಕೊಳ್ಳೋದು ತಪ್ಪೇ ಅಲ್ವಂತೆ, ನಿಜಾನಾ?

ಸ್ವಂತಕ್ಕೆ ಮಾಡಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಲೈಸೆನ್ಸ್ ಬೇಡ. ಮಾರಲು ಮಾಡಿದರೆ ಬೇಕು. ಅಪರಾಧಿಗಳಿಗೆ ಎರಡೂ ಇಲ್ಲ, ಕೆಲವು ರಾಜ್ಯಗಳು ಇನ್ನೂ ಬಿಗಿ. ಅರ್ಧ ತಯಾರಾದ ಬಿಡಿಭಾಗಗಳ ಕಿಟ್ ಮಾರುವುದಕ್ಕೆ 2022ರಲ್ಲಿ ನಿಯಮ ಬಂತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ನಮ್ಮ ಹುಡುಗರು ಮರೆಯುವುದು ಒಂದನ್ನು: ಅವರ ಸಂವಿಧಾನದಲ್ಲಿ ಆಯುಧ ಹೊಂದುವ ಹಕ್ಕಿನ ಮಾತು ಇದೆ, ನಮ್ಮದರಲ್ಲಿ ಇಲ್ಲ. ನಮ್ಮ 19ನೇ ವಿಧಿ ಸಭೆ ಸೇರುವ ಹಕ್ಕು ಕೊಡುವಾಗಲೇ ಶಾಂತಿಯಿಂದ, ಆಯುಧಗಳಿಲ್ಲದೆ ಎಂದು ಸೇರಿಸಿಯೇ ಕೊಡುತ್ತದೆ.

ನಮ್ಮ ಕಡೆ ನಾಡಬಂದೂಕು ಅಜ್ಜನ ಕಾಲದಿಂದ ಇದೆಯಲ್ಲ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯವರು ಇದನ್ನು ಖಂಡಿತ ಕೇಳುತ್ತಾರೆ. ಮೆಕ್ಕೆಜೋಳ ತೆನೆ ಕಟ್ಟಿದ ಮೇಲೆ ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಏನಾಗುತ್ತದೆ ಎಂದು ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಹಿಂದೆ ಕುಲುಮೆಯಲ್ಲಿ ಕೋವಿ ರಿಪೇರಿ ಮಾಡುವವರು ಇದ್ದರು, ಆ ವಿದ್ಯೆ ಊರಲ್ಲೇ ಇತ್ತು. ಆದರೆ ಆ ಮೇಸ್ತ್ರಿಗೆ ಯಾರಿಗೆ ಮಾಡಿಕೊಡುತ್ತಿದ್ದೇನೆ ಅಂತ ಗೊತ್ತಿರುತ್ತಿತ್ತು. ಕುಡುಕನಿಗೆ ಕೊಡುತ್ತಿರಲಿಲ್ಲ, ಅಣ್ಣ ತಮ್ಮಂದಿರ ಹೊಲದ ಜಗಳ ಕೋರ್ಟಿನಲ್ಲಿರುವಾಗ ಕೊಡುತ್ತಿರಲಿಲ್ಲ. ಇವತ್ತಿಗೂ ದಾವಣಗೆರೆಯ ಲೇತ್ ಅಂಗಡಿಗೆ ಯಾರೋ ಹೊಸಬ ಬಂದು ಒಂದು ಪೈಪ್ ಕೊಟ್ಟು ಇಷ್ಟೇ ಅಳತೆಗೆ ಒಳಗೆ ಕೊರೆದುಕೊಡಿ ಅಂದರೆ, ಅನುಭವಸ್ಥ ಮೇಸ್ತ್ರಿ ಮಷೀನ್ ಆಫ್ ಮಾಡಿ, ಕೈಗೆ ಅಂಟಿದ ಎಣ್ಣೆಯನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಮೊದಲು ಕೇಳುವುದು "ಇದು ಯಾವ ಮಷೀನಿಗಪ್ಪಾ?" ಅಂತ. ಉತ್ತರ ಸರಿ ಬರದಿದ್ದರೆ ಪೈಪ್ ವಾಪಸ್. ಫೈಲ್ ಈ ಪ್ರಶ್ನೆ ಕೇಳುವುದಿಲ್ಲ.

ಹಾಗಂತ ನಾಡಬಂದೂಕೇ ಒಳ್ಳೆಯದು ಅನ್ನುತ್ತಿಲ್ಲ. ನಳಿಗೆ ಸಿಡಿದು ಬಲಗೈ ಹೆಬ್ಬೆರಳು ಮತ್ತು ಪಕ್ಕದ ಬೆರಳು ಕಳೆದುಕೊಂಡ ರೈತರೊಬ್ಬರು ನನಗೆ ಗೊತ್ತು. ಟೀ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಾರೆ. ಅಂಗಿ ಗುಂಡಿಯನ್ನು ಮೊಮ್ಮಗಳು ಹಾಕಿಕೊಡುತ್ತಾಳೆ. ಕೇಸಿನ ಹೆದರಿಕೆಗೆ ಅವತ್ತು ಆಸ್ಪತ್ರೆಗೆ ಹೋಗಿದ್ದೂ ತಡವಾಗಿಯೇ.

## ಕಾನೂನಿನ ಬಗ್ಗೆ

ಇಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದ್ರೆ ಎಷ್ಟು ವರ್ಷ ಒಳಗೆ ಹಾಕ್ತಾರೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ತಯಾರಿಕೆ, ಮಾರಾಟ, ರಿಪೇರಿಯನ್ನೂ ನಿಷೇಧಿಸುತ್ತದೆ. 25ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಮೊದಲು 3ರಿಂದ 7 ವರ್ಷ ಇತ್ತು. 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೆ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಸುಮ್ನೆ ಆಡಿ ನೋಡಲು ಮಾಡಿದೆ ಅಂದರೂ ಅದು ತಯಾರಿಕೆಯೇ. ಇಪ್ಪತ್ತು ವರ್ಷದ ಡಿಪ್ಲೊಮಾ ಹುಡುಗನಿಗೆ ಏಳು ವರ್ಷ ಅಂದರೆ ಏನು ಅಂತ ಅವನ ಅಪ್ಪ ಅಮ್ಮನನ್ನು ಕೇಳಬೇಕು. ಅದೇ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಅಂತ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಸೇರಿತು. ಇದೂ ತುಂಬಾ ಜನರಿಗೆ ಗೊತ್ತಿಲ್ಲ.

ನಾನೇನೂ ಮಾಡಲ್ಲ, ಫೈಲ್ ಫಾರ್ವರ್ಡ್ ಮಾಡ್ತೀನಿ ಅಷ್ಟೇ. ಅದ್ರಲ್ಲೇನಿದೆ?

ಭಾರತೀಯ ನ್ಯಾಯ ಸಂಹಿತೆಯ 45ನೇ ಸೆಕ್ಷನ್‌ನಲ್ಲಿ ದುಷ್ಪ್ರೇರಣೆ ಅಂದರೆ ಏನು ಅಂತ ಇದೆ. ಕುಮ್ಮಕ್ಕು ಕೊಡುವುದು, ಸಂಚಿನಲ್ಲಿ ಸೇರುವುದು, ಗೊತ್ತಿದ್ದೂ ಬೇಕಂತಲೇ ನೆರವಾಗುವುದು, ಮೂರೂ ಅದರೊಳಗೆ ಬರುತ್ತವೆ. 57ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಸಾರ್ವಜನಿಕರನ್ನು ಅಥವಾ 10ಕ್ಕಿಂತ ಹೆಚ್ಚು ಜನರನ್ನು ಒಂದು ಅಪರಾಧಕ್ಕೆ ಪ್ರೇರೇಪಿಸಿದರೆ ಏನು ಅಂತ ಬೇರೆಯೇ ಹೇಳುತ್ತದೆ. "ಎಲ್ಲರೂ ಮಾಡಿ, ಇದೇ ನಮ್ಮ ಪ್ರತಿಭಟನೆ" ಎಂದು ಬರೆದು ನಕ್ಷೆ ಹಂಚಿದವನು ಆ ಸಾಲನ್ನು ತಾನೇ ಪೊಲೀಸರಿಗೆ ಬರೆದುಕೊಟ್ಟಂತೆ. ಗ್ರೂಪಿನಲ್ಲಿ 200 ಜನ ಇದ್ದರೆ ಆ 10ರ ಲೆಕ್ಕ ಯಾವಾಗಲೋ ದಾಟಿರುತ್ತದೆ.

ಬೇರೆ ಕಡೆ ಫೈಲ್‌ನ ಮೇಲೇ ಕಾನೂನು ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2015ರಿಂದ ಅಂಥ ಡಿಜಿಟಲ್ ನಕ್ಷೆ ಇಟ್ಟುಕೊಳ್ಳುವುದೇ ಅಪರಾಧ. ನಿಮಗೆ ಯಾರಾದರೂ ಕಳಿಸಿದರೆ ಮುಂದೆ ಕಳಿಸಬೇಡಿ. ಜೊತೆಗೆ ಇಂಥವರನ್ನು ಹೊಡೆಯಬೇಕು ಅನ್ನುವ ಮಾತೂ ಇದ್ದರೆ ಡಿಲೀಟ್ ಮಾಡಿ ಕೂರುವುದಲ್ಲ, ಪೊಲೀಸರಿಗೆ ತಿಳಿಸಬೇಕು.

ಕೊಡಗಿನೋರಿಗೆ ಲೈಸೆನ್ಸೇ ಬೇಡ. ನಮಗೆ ಮಾತ್ರ ಯಾಕೆ ಈ ಕಾಟ?

ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡುವ ಜನ ಅವರು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಸರಿ ಅಂದಿತು. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. ಯಾರಿಗೆ ಅನ್ನುವುದಕ್ಕೆ ದಾಖಲೆ ಇದೆ. ಮನೆಯಲ್ಲಿ ತಯಾರಿಸಿಕೊಳ್ಳಲು ಅಲ್ಲಿಯೂ ಯಾರಿಗೂ ಪರವಾನಗಿ ಕೊಟ್ಟಿಲ್ಲ. ಈ ವಿನಾಯಿತಿ ಸಮಾನತೆಗೆ ಹೊಂದುತ್ತದಾ ಅನ್ನುವುದು ಒಳ್ಳೆಯ ಪ್ರಶ್ನೆ. ಅದನ್ನೇ ಹಿಡಿದು ಒಬ್ಬರು ಕೋರ್ಟಿಗೆ ಹೋಗಿದ್ದರಿಂದಲೇ ಆ ತೀರ್ಪು ಬಂತು.

## ಇತಿಹಾಸ ಹಿಡಿದು ಕೇಳಿದವು

ಹಲಗಲಿ ಬೇಡರು ಆಯುಧ ಕೊಡಲ್ಲ ಅಂತ ಪ್ರಾಣ ಕೊಟ್ರು. ಅವರನ್ನ ಹೊಗಳ್ತೀರಿ, ನಮ್ಮನ್ನ ಬೈತೀರಿ?

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಗಟ್ಟಿಯಾದದ್ದು, ದುರ್ಗದ ಹುಡುಗನೇ ಕೇಳಿದ್ದು. ನಾಯಕರ ನೆಲದಲ್ಲಿ ಈ ಮಾತಿಗೆ ತೂಕ ಜಾಸ್ತಿ. ಕೋಟೆಗೆ ಹೋದವರೆಲ್ಲ ಮದ್ದು ಬೀಸುವ ಕಲ್ಲು ನೋಡಿರುತ್ತೀರಿ: ಗುಂಡಿಯೊಳಗೆ ನಾಲ್ಕು ದೊಡ್ಡ ಬೀಸುಕಲ್ಲು. ಪಾಳೆಯಗಾರರ ಮದ್ದು ಇಲ್ಲೇ ತಯಾರಾಗುತ್ತಿತ್ತು. ನಮ್ಮವರಿಗೆ ಆಯುಧದ ವಿದ್ಯೆ ಹೊಸದಲ್ಲ.

1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದು ಕಾನೂನು ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಅಂದರೆ ಊಟ, ಅಂದರೆ ಮಾನ. ದಂಡು ಬಂತು, ಊರಿಗೆ ಬೆಂಕಿ ಹಾಕಿತು, ಹಲವರನ್ನು ಗಲ್ಲಿಗೇರಿಸಿತು. ಲಾವಣಿಯಲ್ಲಿ ಇವತ್ತಿಗೂ ಅವರ ಹೆಸರಿದೆ.

ಅವರನ್ನು ಹೊಗಳುವುದಕ್ಕೆ ನನಗೆ ಎರಡು ಕಾರಣ. ಅವರಿಗೆ ಓಟಿರಲಿಲ್ಲ, ಕೋರ್ಟಿರಲಿಲ್ಲ, ಆ ಕಾನೂನು ಮಾಡುವಾಗ ಅವರನ್ನು ಕೇಳಿದವರೇ ಇರಲಿಲ್ಲ. ಎರಡನೆಯದು, ಅವರು ತಮ್ಮ ಊರಲ್ಲಿ, ತಮ್ಮ ಹೆಸರಲ್ಲಿ, ಎದುರಿಗೆ ನಿಂತು ಇಲ್ಲ ಅಂದರು. ಬಂದ ಕಷ್ಟವನ್ನು ಅವರೇ ಅನುಭವಿಸಿದರು. ಸುಳ್ಳು ಹೆಸರಿನಲ್ಲಿ ಫೈಲ್ ಬಿಟ್ಟವನು ಗುಂಡು ಬೀಳುವ ಕಡೆ ಇರುವುದಿಲ್ಲ, ಅದು ಯಾರಿಗೆ ಬಿತ್ತು ಅಂತಲೂ ಅವನಿಗೆ ಗೊತ್ತಾಗುವುದಿಲ್ಲ.

ಆಯುಧ ಕಾಯ್ದೆ ಬ್ರಿಟಿಷರ ಅತಿ ಕರಾಳ ಕೆಲಸ ಅಂತ ಗಾಂಧೀಜಿನೇ ಹೇಳಿದಾರಲ್ಲ?

ಹೇಳಿದ್ದಾರೆ. ಅಮೆರಿಕದ ಬಂದೂಕುಪ್ರಿಯರು ಅದನ್ನು ಪೋಸ್ಟರ್ ಮಾಡಿಕೊಂಡಿದ್ದಾರೆ. ಆದರೆ ಎಲ್ಲಿ ಹೇಳಿದರು ಅನ್ನುವುದನ್ನು ಬಿಟ್ಟುಬಿಡುತ್ತಾರೆ. 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಗುಜರಾತಿನ ಖೇಡಾ ಕಡೆ ಸೈನ್ಯಕ್ಕೆ ಜನ ಸೇರಿಸಲು ಹಂಚಿದ ಕರಪತ್ರದಲ್ಲಿ ಆ ಮಾತಿದೆ. ಆ ಕಾಯ್ದೆ ಹೋಗಬೇಕು ಅಂದರೆ, ಆಯುಧ ಹಿಡಿಯುವುದನ್ನು ಕಲಿಯಬೇಕು ಅಂದರೆ, ಬನ್ನಿ ಸೈನ್ಯ ಸೇರಿ ಎಂದು ಕರೆದಿದ್ದರು. ಕದ್ದು ಕೂತು ಮಾಡಿ ಅಂತ ಹೇಳಿದ್ದಲ್ಲ. 1931ರ ಕರಾಚಿ ಕಾಂಗ್ರೆಸ್ ಠರಾವಿನಲ್ಲೂ ಆಯುಧ ಹೊಂದುವ ಹಕ್ಕು ಇತ್ತು, ಅಲ್ಲಿಯೂ ನಿಯಮಗಳಿಗೆ ಒಳಪಟ್ಟು ಅಂತಲೇ ಇತ್ತು.

ಮತ್ತೆ ಸಂವಿಧಾನದಲ್ಲಿ ಯಾಕೆ ಆ ಹಕ್ಕು ಬರಲಿಲ್ಲ?

ಕೇಳಿದವರು ಇದ್ದರು. ಮಂಗಳೂರಿನ ಮೂಲದ ಎಚ್.ವಿ. ಕಾಮತ್ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದಕ್ಕಾಗಿ ತಿದ್ದುಪಡಿ ತಂದರು. ಕರಾಚಿ ಠರಾವನ್ನೂ ನೆನಪಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಹಿಂದೆ ಪರಕೀಯ ಸರ್ಕಾರ ಜನರನ್ನು ನಿರಾಯುಧರನ್ನಾಗಿ ಮಾಡಿತ್ತು, ಆಗ ಆ ಬೇಡಿಕೆಗೆ ಅರ್ಥವಿತ್ತು, ಈಗ ಕಾಲ ಬದಲಾಗಿದೆ ಅನ್ನುವುದು ಅವರ ವಾದ. ಹಕ್ಕು ಅಂತ ಎಲ್ಲರಿಗೂ ಕೊಟ್ಟರೆ ಕಳ್ಳನೂ ಅದನ್ನೇ ಕೇಳುತ್ತಾನೆ ಎಂದೂ ಹೇಳಿದರು. ತಿದ್ದುಪಡಿ ಬಿದ್ದುಹೋಯಿತು. ಕಾಮತ್ ಸೋತರು, ಆದರೆ ಅವರು ಮಾಡಿದ್ದು ಹೋರಾಟ. ಎದುರಾಳಿಯ ಮುಂದೆ ನಿಂತು ವಾದಿಸಿದರು, ಆ ಚರ್ಚೆ ಇವತ್ತಿಗೂ ದಾಖಲೆಯಲ್ಲಿದೆ, ನೀವು ಓದಿ ಕಾಮತ್ ಪರವಾಗಿಯೇ ಮಾತಾಡಬಹುದು.

## ಇನ್ನೂ ಆಳಕ್ಕೆ ಇಳಿದವರು ಕೇಳಿದವು

ಫೈಲ್ ಅಂದ್ರೆ ಬರವಣಿಗೆನೇ ತಾನೇ? ಬರವಣಿಗೆಗೆ ಕಡಿವಾಣ ಹಾಕಿದ್ರೆ ವಾಕ್ ಸ್ವಾತಂತ್ರ್ಯ ಎಲ್ಲಿ ಉಳೀತು?

ಈ ವಾದಕ್ಕೆ ಒಂದು ಗೌರವದ ಇತಿಹಾಸ ಇದೆ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಪಿಜಿಪಿ ಎಂಬ ಗೂಢಲಿಪಿ ಪ್ರೋಗ್ರಾಂ ಎಲ್ಲರಿಗೂ ಬಿಟ್ಟಾಗ ಅಮೆರಿಕ ಸರ್ಕಾರ ಅದನ್ನು ಆಯುಧ ರಫ್ತು ಎಂದೇ ನೋಡಿ ತನಿಖೆ ಮಾಡಿತು, 1996ರಲ್ಲಿ ಕೈಬಿಟ್ಟಿತು. ಬರ್ನ್‌ಸ್ಟೈನ್ ಎಂಬ ಗಣಿತಜ್ಞನ ಕೇಸಿನಲ್ಲಿ ಪ್ರೋಗ್ರಾಂ ಬರೆಯುವುದೂ ಮಾತಾಡುವುದೇ ಎಂದು ಕೋರ್ಟ್ ಹೇಳಿತು. ವಿಲ್ಸನ್ ಗುಂಪು ಹಿಡಿದದ್ದು ಇದೇ ದಾರಿ.

ಆದರೆ ಗೂಢಲಿಪಿ ನನ್ನ ಮನೆ ಬಾಗಿಲಿಗೆ ನಾನು ಹಾಕಿಕೊಳ್ಳುವ ಬೀಗ, ಅದರಿಂದ ಪಕ್ಕದ ಮನೆಯವನ ಮೈಗೆ ತೂತು ಬೀಳುವುದಿಲ್ಲ. ಅಮೆರಿಕದ ಕೋರ್ಟುಗಳೂ ಎಲ್ಲ ಬರವಣಿಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿಲ್ಲ. ಸುಪಾರಿ ಕೊಲೆ ಹೇಗೆ ಮಾಡಬೇಕು ಅಂತ ಪುಸ್ತಕ ಮಾರಿದ ಪ್ರಕಾಶಕರ ಮೇಲೆ, ಅದನ್ನು ಓದಿ ಕೊಂದವನ ಕೈಗೆ ಸಿಕ್ಕಿ ಸತ್ತವರ ಮನೆಯವರು ದಾವೆ ಹೂಡಿದಾಗ, ವಾಕ್ ಸ್ವಾತಂತ್ರ್ಯ ನಿಮ್ಮನ್ನು ಕಾಯುವುದಿಲ್ಲ ಎಂದು 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ನನ್ನ ಗೆರೆ ಇಷ್ಟೇ. ಬಂದೂಕು ಕಾನೂನು ಬೇಡ ಅನ್ನಿ, ಸರ್ಕಾರವನ್ನು ಬೈಯಿರಿ, ಫಿಲಿಪ್ ಲೂಟಿಯ ವಾದ ಸರಿ ಅಂತ ಭಾಷಣ ಮಾಡಿ, ನಾನು ನಿಮ್ಮ ಪರ ಸಹಿ ಹಾಕುತ್ತೇನೆ. ಅವೆಲ್ಲ ಕೇಳಿದವನಿಗೆ ಯೋಚಿಸಲು ಅವಕಾಶ ಕೊಡುತ್ತವೆ. ಅಳತೆ ಸಮೇತ ನಕ್ಷೆ ಕೊಡುವುದು ಯಾರನ್ನೂ ಒಪ್ಪಿಸುವುದಿಲ್ಲ, ಒಪ್ಪಿದವನಿಗೂ ಒಪ್ಪದವನಿಗೂ ಹೆಂಡತಿ ಮೇಲೆ ಸಿಟ್ಟಾದವನಿಗೂ ಅದು ಒಂದೇ ಕೆಲಸ ಮಾಡಿಕೊಡುತ್ತದೆ.

ಕೆಟ್ಟೋರಿಗೆ ಹೇಗೂ ಸಿಗುತ್ತೆ ಸರ್. ಒಳ್ಳೆಯೋರಿಗೂ ಸಿಗಲಿ ಅಂತ ಅಷ್ಟೇ.

ಸಿಗುವುದರಲ್ಲೂ ಸುಲಭ, ಕಷ್ಟ ಅಂತ ಇದೆ. ಆ ಕಷ್ಟದಲ್ಲೇ ಎಷ್ಟೋ ಜೀವ ಉಳಿಯುತ್ತವೆ. 2019ರ ಅಕ್ಟೋಬರ್ 9ರಂದು ಜರ್ಮನಿಯ ಹಾಲೆ ಊರಿನಲ್ಲಿ ಯಹೂದಿಗಳ ಹಬ್ಬದ ದಿನ ಒಬ್ಬ ಅವರ ಪ್ರಾರ್ಥನಾ ಮಂದಿರಕ್ಕೆ ನುಗ್ಗಲು ಹೋದ. ಕೈಯಲ್ಲಿದ್ದದ್ದು ಮನೆಯಲ್ಲಿ ಮಾಡಿದ ಬಂದೂಕುಗಳು, ಅದರಲ್ಲಿ ಫಿಲಿಪ್ ಲೂಟಿಯ ನಕ್ಷೆ ಆಧರಿಸಿದ್ದೂ ಇತ್ತು. ಮನೆಯಲ್ಲಿ ಮಾಡಿದ ಆಯುಧ ಕೆಲಸ ಮಾಡುತ್ತದೆ ಅಂತ ಜಗತ್ತಿಗೆ ತೋರಿಸುವುದೇ ತನ್ನ ಒಂದು ಉದ್ದೇಶ ಎಂದು ಅವನು ಬರೆದಿಟ್ಟಿದ್ದ. ಅವನ ಲೆಕ್ಕದಲ್ಲಿ ಅದೂ ಹೋರಾಟವೇ. ಬಾಗಿಲು ಒಡೆಯಲಿಲ್ಲ, ಬಂದೂಕು ಮತ್ತೆ ಮತ್ತೆ ಕೈಕೊಟ್ಟಿತು. ಒಳಗಿದ್ದವರು ಉಳಿದರು, ಹೊರಗೆ ಇಬ್ಬರು ಸತ್ತರು. ನಕ್ಷೆ ಸುಧಾರಿಸಿ ಸುಧಾರಿಸಿ ಹಂಚುತ್ತಾ ಹೋಗುವವರು ಆ ಕೈಕೊಟ್ಟದ್ದನ್ನೇ ಸರಿಪಡಿಸುತ್ತಿದ್ದಾರೆ ಅಲ್ವಾ?

2022ರ ಜುಲೈ 8ರಂದು ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದದ್ದೂ ಮನೆಯಲ್ಲಿ ಮಾಡಿದ ಬಂದೂಕೇ. ದೂರದ ಮಾತು ಬೇಡ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಹೊಡೆದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನೂ ಮನೆ ಮುಂದೆಯೇ. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲ್ ಎಂದು ವಿಧಿವಿಜ್ಞಾನ ವರದಿ ಹೇಳಿತು. ಲೈಸೆನ್ಸ್ ಇಲ್ಲದ, ನಂಬರ್ ಇಲ್ಲದ ಪಿಸ್ತೂಲ್ ನಮ್ಮ ನಾಡಿನ ರಾಜಕೀಯದಲ್ಲಿ ಏನು ಮಾಡಿದೆ ಅಂತ ಕೇಳಿದರೆ ನನಗೆ ಮೊದಲು ಬರುವ ಉತ್ತರ ಇದು. ಅದು ಬರೆಯುವವರನ್ನು ಕೊಂದಿದೆ. ವಚನಗಳ ಹಸ್ತಪ್ರತಿ ಹುಡುಕುತ್ತಾ ವಯಸ್ಸು ಕಳೆದ ಮೇಷ್ಟ್ರನ್ನು ಕೊಂದಿದೆ. ಮಾತಿಗೆ ಮಾತು ಕೊಡಲಾಗದವರ ಕೈಗೆ ಅದು ಸಿಕ್ಕಿತು.

ಮ್ಯಾನ್ಮಾರ್ ಹುಡುಗರು ಪ್ರಿಂಟ್ ಮಾಡಿದ ಬಂದೂಕು ಹಿಡಿದು ಸೈನ್ಯದ ವಿರುದ್ಧ ನಿಂತ್ರು. ಅದೂ ತಪ್ಪಾ?

ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. 2021ರ ಫೆಬ್ರವರಿಯಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಜನ ಮೊದಲು ತಟ್ಟೆ, ಪಾತ್ರೆ ಬಡಿದು ಪ್ರತಿಭಟಿಸಿದರು. ಬೀದಿಯಲ್ಲಿ ನಿಂತವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಬೇರೆ ದಾರಿ ಎಲ್ಲ ಮುಚ್ಚಿದ ಮೇಲೆ ಕೆಲವರು ಕಾಡು ಸೇರಿದರು. ಜರ್ಮನಿಯಲ್ಲಿದ್ದ ಯುವಕನೊಬ್ಬ 2020ರಲ್ಲಿ ಬಿಟ್ಟಿದ್ದ ನಕ್ಷೆ ಅವರ ಕೈಗೂ ಸಿಕ್ಕಿತು. ಆ ನಕ್ಷೆಯೇ ಯುರೋಪಿನಲ್ಲಿ ಜನಾಂಗ ದ್ವೇಷಿಗಳ ಮನೆಗಳಲ್ಲೂ ಪೊಲೀಸರಿಗೆ ಸಿಕ್ಕಿದೆ. ಎರಡೂ ನಿಜ. ಒಂದನ್ನು ಮಾತ್ರ ಹೇಳುವವರು ಮೋಸ ಮಾಡುತ್ತಾರೆ.

ಇಲ್ಲಿ ಅದನ್ನು ಉದಾಹರಣೆ ಕೊಡುವವರಿಗೆ ನನ್ನ ಮಾತು: ನಿಮ್ಮ ಊರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯುತ್ತದೆ, ಡಿಸಿ ಆಫೀಸಿನ ಮುಂದೆ ಧರಣಿ ಕೂರಲು ಜಾಗ ಇದೆ, ಹೈಕೋರ್ಟಿಗೆ ರಿಟ್ ಹಾಕಬಹುದು. ಇವು ಸಾಲದು ಅನ್ನಿಸಬಹುದು, ಎಷ್ಟೋ ಸಲ ನನಗೂ ಸಾಲದು ಅನ್ನಿಸಿದೆ. ಸಾಲದು ಅನ್ನುವುದು ಬೇರೆ, ಇಲ್ಲವೇ ಇಲ್ಲ ಅನ್ನುವುದು ಬೇರೆ.

ಕಾನೂನು ಮುರಿಯೋದೇ ತಪ್ಪು ಅಂತೀರಾ? ಹಾಗಾದ್ರೆ ಸತ್ಯಾಗ್ರಹನೂ ತಪ್ಪೇ.

ಮುರಿಯುವುದು ತಪ್ಪು ಅಂತ ನಾನು ಎಲ್ಲೂ ಹೇಳಿಲ್ಲ. 1939ರಲ್ಲಿ ನಮ್ಮ ಚಿತ್ರದುರ್ಗದ ತುರುವನೂರಿನಲ್ಲಿ ಕಾಡು ಸತ್ಯಾಗ್ರಹ ನಡೆಯಿತು. ಈಚಲು ಮರ ಕಡಿದು ಕಾನೂನು ಮುರಿದರು. ನಿಜಲಿಂಗಪ್ಪನವರು ಜೈಲಿಗೆ ಹೋದರು. ಹಗಲು ಹೊತ್ತಿನಲ್ಲಿ, ಹೇಳಿ, ಕೊಡಲಿ ಹಿಡಿದು ಹೋಗಿ ಕಡಿದರು. ಪೊಲೀಸರು ಬಂದಾಗ ಓಡಲಿಲ್ಲ. ಅಲ್ಲಿ ಬಿದ್ದದ್ದು ಮರ.

ವಿಲ್ಸನ್ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಬೇಕು: ಅವನೂ ಸ್ವಂತ ಹೆಸರಿನಲ್ಲೇ ಮಾಡಿದ, ಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿದ. ಆ ಬಡಿದಾಟ ಹೋರಾಟವೇ, ಒಪ್ಪುತ್ತೇನೆ. ಆದರೆ ಫೈಲ್ ಅವನ ಜೊತೆ ಕೋರ್ಟಿಗೆ ಬರಲಿಲ್ಲ. ತೀರ್ಪು ಏನೇ ಬಂದರೂ ಅದನ್ನು ವಾಪಸ್ ತರಲು ಅವನಿಂದಲೂ ಆಗದು. ತುರುವನೂರಿನವರು ಸೋತಿದ್ದರೆ ಮರ ಕಡಿಯುವುದು ನಿಲ್ಲುತ್ತಿತ್ತು. ತಾನು ತಪ್ಪಿದರೆ ನಿಲ್ಲಿಸಲು ಆಗದ ಕೆಲಸವನ್ನು ಜನರ ಹೆಸರಿನಲ್ಲಿ ಶುರು ಮಾಡಲು ಯಾರಿಗೂ ಹಕ್ಕಿಲ್ಲ ಅನ್ನುವುದು ನನ್ನ ನಂಬಿಕೆ. 1971ರಲ್ಲಿ ವಿಲಿಯಂ ಪವೆಲ್ ಎಂಬ ಅಮೆರಿಕದ ಹುಡುಗ ಯುದ್ಧದ ವಿರುದ್ಧದ ಸಿಟ್ಟಿನಲ್ಲಿ ಬಾಂಬು, ಆಯುಧಗಳ ಬಗ್ಗೆ ಪುಸ್ತಕ ತಂದ. ಮುಂದೆ ಮೇಷ್ಟ್ರಾದ, ಅದನ್ನು ಮುದ್ರಿಸುವುದು ನಿಲ್ಲಿಸಿ ಅಂತ ಬಹಿರಂಗವಾಗಿ ಕೇಳಿದ. ಹಕ್ಕು ಪ್ರಕಾಶಕರ ಕೈಯಲ್ಲಿತ್ತು, ಅವನು ಸತ್ತ ಮೇಲೂ ಪುಸ್ತಕ ಮಾರಾಟವಾಗುತ್ತಲೇ ಇದೆ.

ಸರಿ, ಬಂದೂಕು ಕಾನೂನು ಸಡಿಲ ಆಗ್ಬೇಕು ಅಂತ ನಾನು ನಿಜವಾಗ್ಲೂ ನಂಬಿದೀನಿ. ನಾನೇನು ಮಾಡ್ಲಿ?

ಕಾಯ್ದೆಯನ್ನೇ ಓದಿ ಶುರು ಮಾಡಿ. ಬೆಳೆ ಕಾಯಲು ನಿಜವಾಗಿ ಬೇಕು ಅನ್ನುವ ರೈತನಿಗೆ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಬಗ್ಗೆ 13ನೇ ಸೆಕ್ಷನ್‌ನಲ್ಲೇ ಇದೆ. ಅರ್ಜಿ ತಳ್ಳಿಹಾಕಿದರೆ ಕಾರಣ ಬರೆದಿಡಬೇಕು ಅಂತ 14ನೇ ಸೆಕ್ಷನ್ ಹೇಳುತ್ತದೆ, ಮೇಲ್ಮನವಿಗೆ 18ನೇ ಸೆಕ್ಷನ್ ಇದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಅರ್ಜಿ ಕೊಟ್ಟು, ಉತ್ತರವೇ ಬರದೆ, ಬೇಸತ್ತು ಬಿಟ್ಟ ರೈತರು ಬೇಕಾದಷ್ಟು ಸಿಗುತ್ತಾರೆ. ಅವರಲ್ಲಿ ಹತ್ತು ಜನರ ಅರ್ಜಿ ಒಟ್ಟು ಮಾಡಿ. ಯಾವ ದಿನ ಕೊಟ್ಟದ್ದು, ಯಾವ ಟೇಬಲ್ಲಿನಲ್ಲಿ ನಿಂತಿದೆ, ಯಾಕೆ ನಿಂತಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರದ ಪ್ರತಿಗಳನ್ನು ಹಿಡಿದು ರೈತ ಸಂಘದವರ ಜೊತೆ ಡಿಸಿ ಹತ್ತಿರ ಹೋಗಿ, ಪತ್ರಿಕೆಯವರನ್ನೂ ಕರೆಯಿರಿ. ಕಾನೂನೇ ಬದಲಾಗಬೇಕು ಅಂದರೆ ಸಂಸದರಿಗೆ ಖಾಸಗಿ ಮಸೂದೆ ತನ್ನಿ ಅಂತ ಒತ್ತಾಯಿಸಿ, ಕಾಮತ್ ಮಾತಾಡಿದ್ದನ್ನು ಪ್ರಿಂಟ್ ತೆಗೆದು ಜೊತೆಗೆ ಕೊಡಿ. ಆ ಮಸೂದೆಯನ್ನು ನಾನು ವಿರೋಧಿಸುತ್ತೇನೆ. ಆದರೆ ಅದರ ಪರ ನೀವು ಸಭೆ ಇಟ್ಟರೆ, ಎದುರು ಪಕ್ಷದವನಾಗಿ ಮಾತಾಡಲು ಕರೆಯಿರಿ, ಬರುತ್ತೇನೆ.